ಶಾಲೆಯ ಕೋಣೆಯ ಚಾವಿ ಯಾರ ಹತ್ತಿರ ಇದೆ?

ನಮ್ಮ ಪಂಚಾಯ್ತಿ ಸದಸ್ಯರಿಗೆ, ನಮ್ಮ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರಿಗೆ, ಹಾಗೇ ಉತ್ತರ ಕನ್ನಡದ ಬೇರೆ ಊರುಗಳಲ್ಲಿ ಇದೇ ಜವಾಬ್ದಾರಿ ಹೊತ್ತಿರುವ ಎಲ್ಲರಿಗೂ,

ನಮಸ್ಕಾರ.

ಈ ಪತ್ರವನ್ನು ಕಾರವಾರಕ್ಕೋ ಬೆಂಗಳೂರಿಗೋ ಬರೆಯಬಹುದಿತ್ತು. ಬರೆದರೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಓಡಾಡಿ ಕೊನೆಗೆ ನಿಮ್ಮ ಮೇಜಿಗೇ ಬರುತ್ತದೆ. ನನಗೆ ಬೇಕಾದದ್ದು ಶಾಲೆ ಬಿಟ್ಟ ಮೇಲೆ ಮಕ್ಕಳು ಕೂರಲು ಒಂದು ಕೋಣೆ, ದಿನಕ್ಕೆ ಎರಡು ತಾಸು. ಅದರ ಚಾವಿ ಇರುವುದು ನಿಮ್ಮ ಹತ್ತಿರ. ಅದಕ್ಕೇ ನೇರ ನಿಮಗೆ.

ಕಳೆದ ತಿಂಗಳು ಶಾಲೆಯಲ್ಲಿ ಪಾಲಕರ ಸಭೆ ಇತ್ತು. ನಲವತ್ತರ ಮೇಲೆ ಕುರ್ಚಿ ಹಾಕಿದ್ದರು. ಗಂಡಸರು ನಾಲ್ಕೇ ಜನ. ನಾಲ್ವರೂ ಬಾಗಿಲ ಹತ್ತಿರ ನಿಂತೇ ಇದ್ದರು, ಬಸ್ಸಿಗೆ ಹೊತ್ತಾದವರ ಹಾಗೆ. ಅತಿಥಿಯಾಗಿ ಬಂದ ಹಿರಿಯರು ಒಳ್ಳೆಯ ಮಾತುಗಾರರು. ಮೊಬೈಲ್ ಬಗ್ಗೆ ಹೇಳಿದರು, ಸೊಪ್ಪು ತಿನ್ನದ ಮಕ್ಕಳ ಬಗ್ಗೆ ಹೇಳಿದರು. ಆಮೇಲೆ ದನಿ ಸ್ವಲ್ಪ ತಗ್ಗಿಸಿ, ತಾಯಿ ಮನೆಯಲ್ಲಿದ್ದರೆ ಮಕ್ಕಳು ಸರಿ ಇರುತ್ತಾರೆ, ತಾಯಿ ಸಂಬಳದ ಹಿಂದೆ ಹೋದರೆ ಮಕ್ಕಳು ದಾರಿ ತಪ್ಪುತ್ತಾರೆ ಎಂದರು. ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಸಭೆಯಲ್ಲಿ ಕೂತರೆ ಕೈ ತಾನಾಗಿಯೇ ಬಡಿಯುತ್ತದಲ್ಲ, ಹಾಗೆ.

ಮನೆಗೆ ನಡೆದು ಬರುವಾಗ ಮೂರನೇ ಕ್ಲಾಸಿನ ಮಗಳು ಕೇಳಿದಳು, "ಆಯಿ, ನೀ ಎಂತಕ್ಕೆ ಚಪ್ಪಾಳೆ ಹೊಡೆದೆ?"

ಏನು ಹೇಳುವುದು ಎಂದು ತಿಳಿಯಲಿಲ್ಲ. ಕಾಲಿಗೆ ಕೆಸರು ಮಾಡಿಕೊಳ್ಳಬೇಡ, ಬದಿಯಲ್ಲಿ ನಡಿ ಎಂದು ಗದರಿದೆ.

ನಾನು ಯಾರು ಎಂದು ಸ್ವಲ್ಪ ಹೇಳಬೇಕು. ತವರು ಶಿರಸಿ ಕಡೆ, ಅಡಿಕೆ ತೋಟದ ಮನೆ. ಮದುವೆಯಾಗಿ ಬಂದದ್ದು ಕುಮಟಾ ತಾಲೂಕಿಗೆ, ಅಘನಾಶಿನಿ ದಂಡೆಯ ಊರಿಗೆ. ಒಂದು ಸೊಸೈಟಿಯಲ್ಲಿ ಕ್ಲರ್ಕ್. ಮನೆಯವರು ಗೋವಾದಲ್ಲಿ, ವೆರ್ಣಾದ ಕಾರ್ಖಾನೆಯೊಂದರಲ್ಲಿ. ಶನಿವಾರ ರಾತ್ರಿ ರೈಲಿಗೆ ಬರುತ್ತಾರೆ, ಸೋಮವಾರ ನಸುಕಿಗೆ ಹೋಗುತ್ತಾರೆ. ನಮ್ಮ ಕರಾವಳಿಯಲ್ಲಿ ಇದೇನು ಹೊಸದಲ್ಲ. ಕೆಲವರ ಮನೆಯವರು ಗೋವಾದಲ್ಲಿ, ಕೆಲವರದು ಬೆಂಗಳೂರಲ್ಲಿ, ಭಟ್ಕಳದ ಕಡೆ ಕೊಲ್ಲಿ ದೇಶಗಳಲ್ಲಿ, ಬಂದರಿನ ಕೇರಿಗಳಲ್ಲಿ ಸಮುದ್ರದ ಮೇಲೆ. ಬಾಗಿಲಲ್ಲಿ ನಿಂತಿದ್ದ ಆ ನಾಲ್ವರ ಬಗ್ಗೆ ನನಗೆ ಸಿಟ್ಟಿಲ್ಲ. ಅವರಾದರೂ ಊರಲ್ಲಿದ್ದರು.

ಮಗಳ ಶಾಲೆ ಬಿಡುವುದು ನಾಲ್ಕೂ ಇಪ್ಪತ್ತಕ್ಕೆ. ನಮ್ಮ ಸೊಸೈಟಿಯಲ್ಲಿ ಲೆಕ್ಕ ತಾಳೆ ಆಗುವಾಗ ಐದೂಮುಕ್ಕಾಲು. ಆರೂ ಹತ್ತರ ಬಸ್ಸು ಸಿಕ್ಕಿದರೆ ಮನೆ ಮುಟ್ಟುವಾಗ ಆರೂ ನಲವತ್ತು. ಮಧ್ಯದ ಈ ಎರಡು ತಾಸು ಇಪ್ಪತ್ತು ನಿಮಿಷದ ಬಗ್ಗೆಯೇ ಈ ಪತ್ರ. ತಾಯಿ ಮನೆಯಲ್ಲಿ ಇರಬೇಕೋ ಕೆಲಸಕ್ಕೆ ಹೋಗಬೇಕೋ ಎಂಬ ದೊಡ್ಡ ಚರ್ಚೆಯನ್ನು ಮೈಕ್ ಇದ್ದವರು ಮಾಡಿಕೊಳ್ಳಲಿ. ನಮ್ಮೂರಲ್ಲಿ ಮಕ್ಕಳ ಕಷ್ಟ ಇರುವುದು ನಾಲ್ಕೂ ಇಪ್ಪತ್ತರಿಂದ ಆರೂ ನಲವತ್ತರ ಒಳಗೆ.

ಇಷ್ಟು ದಿನ ನಾವು ಅದನ್ನು ಹೇಗೆ ಸಂಭಾಳಿಸಿದೆವು ಎಂದು ಕೇಳಿ. ಪಕ್ಕದ ಮನೆಯ ಅಕ್ಕ ಮೀನು ಮಾರುತ್ತಾರೆ. ಗಂಡ ತೀರಿಕೊಂಡು ಆರು ವರ್ಷ. ಬೆಳಗಿನ ಐದಕ್ಕೆ ಬುಟ್ಟಿ ಹಿಡಿದು ದೋಣಿಗಳು ಬಂದು ನಿಲ್ಲುವ ತದಡಿ ಧಕ್ಕೆಗೆ ಹೊರಟರೆ, ಮೀನು ಕೊಂಡು, ಪೇಟೆಗೆ ಹೋಗಿ, ಮಾರಿ, ವಾಪಸ್ ಬರುವಾಗ ಎರಡೋ ಎರಡೂವರೆಯೋ. ಅವರ ಮಗಳು ಐದನೇ ಕ್ಲಾಸು. ಬೆಳಿಗ್ಗೆ ಆ ಹುಡುಗಿ ನಮ್ಮ ಮನೆಗೆ ಬರುತ್ತದೆ. ಇಬ್ಬರಿಗೂ ಜಡೆ ಹಾಕಿ, ದೋಸೆ ತಿನ್ನಿಸಿ, ಶಾಲೆಗೆ ಕಳಿಸಿ ನಾನು ಬಸ್ಸು ಹಿಡಿಯುತ್ತೇನೆ. ಸಂಜೆ ಇಬ್ಬರೂ ಅವರ ಮನೆಗೆ. ಅವರ ಬೆಳಗು ನನಗೆ, ನನ್ನ ಸಂಜೆ ಅವರಿಗೆ. ಮೊದಲ ದಿನ ಸಂಕೋಚದಿಂದ ಕೇಳಿದಾಗ ಅವರು ಹೇಳಿದ್ದು ಇಷ್ಟೇ: "ಹೋಗ್ ಬಾ ತಂಗಿ, ನಾನಿದ್ದೆ ಅಲ್ಲಾ."

ಮಾಂಸ-ಮೀನು ಮುಟ್ಟದ ಮನೆಯ ಹುಡುಗಿ ಮೀನಿನ ಮನೆಯ ಮೆಟ್ಟಿಲ ಮೇಲೆ ಕೂತು ಮಗ್ಗಿ ಹೇಳುವುದನ್ನು ಕಂಡು ಕೆಲವರು ಹುಬ್ಬು ಹಾರಿಸಿದರು. ಅತ್ತೆಯೂ ಒಂದು ವಾರ ಮುಖ ಊದಿಸಿಕೊಂಡಿದ್ದರು. ಆಮೇಲೆ ಅವರೇ ಮಾವಿನಮಿಡಿ ಉಪ್ಪಿನಕಾಯಿ ಭರಣಿಯಿಂದ ಒಂದು ಡಬ್ಬಿ ತುಂಬಿ ಆ ಮನೆಗೆ ಕಳಿಸಿದರು. ಅದು ಬೇರೆ ಕತೆ.

ಹೋದ ವರ್ಷ ಜುಲೈಯಲ್ಲಿ ಈ ವ್ಯವಸ್ಥೆ ಮುರಿಯಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಬಂದ್. ಅಕ್ಕನಿಗೆ ವ್ಯಾಪಾರ ಕಡಿಮೆ. ಅದೇ ಹೊತ್ತಿಗೆ ಹೊನ್ನಾವರದಲ್ಲಿ ಅವರ ತಂಗಿಯ ಬಾಣಂತನ. ಮಗಳನ್ನು ನನ್ನ ಹತ್ತಿರ ಬಿಟ್ಟು ಹೋದರು. ಅತ್ತೆಗೆ ಎಪ್ಪತ್ತಾರು, ಮಂಡಿನೋವು, ಆ ವಾರ ಜ್ವರವೂ ಇತ್ತು. ಅಜ್ಜಿ ಇದ್ದಾರಲ್ಲ ಎಂದು ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಅಜ್ಜಿಯನ್ನು ನೋಡಿಕೊಳ್ಳಲೂ ಯಾರೋ ಬೇಕಲ್ವಾ? ಹಾಗಾಗಿ ಮಕ್ಕಳಿಬ್ಬರಿಗೂ ಶಾಲೆಯ ಜಗಲಿಯಲ್ಲೇ ಕೂತಿರಿ, ನಾನು ಬರುವಾಗ ಕರೆದುಕೊಂಡು ಹೋಗುತ್ತೇನೆ ಎಂದಿದ್ದೆ.

ಆ ದಿನ ಮಧ್ಯಾಹ್ನದಿಂದ ಮಳೆ ಹಿಡಿಯಿತು. ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತು. ಫೋನಿಗೆ ಸಿಗ್ನಲ್ ಇಲ್ಲ. ಕರೆಂಟು ಹೋಗಿತ್ತು. ನಾನು ಶಾಲೆ ಮುಟ್ಟಿದಾಗ ಏಳೂಕಾಲು. ಗೇಟಿನ ಹತ್ತಿರ ನಿಂತು ಕೂಗಿದೆ, ಮಳೆಯ ಸದ್ದಿಗೆ ನನ್ನ ದನಿ ನನಗೇ ಕೇಳಲಿಲ್ಲ. ಆಮೇಲೆ ನೋಡಿದರೆ ಅಡುಗೆಕೋಣೆಯಲ್ಲಿ ಬೆಳಕು. ಬಿಸಿಯೂಟದ ಅಡುಗೆಯವರು ಮಕ್ಕಳನ್ನು ಒಲೆಯ ಹತ್ತಿರ ಕೂರಿಸಿಕೊಂಡು ಅವಲಕ್ಕಿ ಕಲಸಿ ಕೊಟ್ಟಿದ್ದರು. ಅವರ ಕೆಲಸ ಮೂರಕ್ಕೆ ಮುಗಿಯುತ್ತದೆ. ಮನೆಯಲ್ಲಿ ಅವರ ಎಮ್ಮೆ ಹಾಲು ಕರೆಯದೆ ನಿಂತಿತ್ತು. ಮಕ್ಕಳಿಬ್ಬರನ್ನೇ ಬಿಟ್ಟು ಹೋಗಲು ಮನಸ್ಸಾಗಲಿಲ್ಲ ಎಂದರು. ಸಿಗುವ ಗೌರವಧನ ಎಷ್ಟು ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆ ನಾಲ್ಕು ತಾಸಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ.

ಈಗ ಕೆಲವರು ಕೇಳಬಹುದು, ಅಷ್ಟು ಕಷ್ಟ ಯಾಕೆ, ಕೆಲಸ ಬಿಟ್ಟು ಮನೆಯಲ್ಲಿ ಇರಬಹುದಿತ್ತಲ್ಲ ಎಂದು. ಕೇಳಲಿ. ಆದರೆ ಮೊದಲು ಈ "ಮನೆಯಲ್ಲಿ ಇರುವ ತಾಯಿ" ನಮ್ಮ ಜಿಲ್ಲೆಯಲ್ಲಿ ಎಲ್ಲಿದ್ದಾಳೆ ಎಂದು ಹುಡುಕೋಣ.

ತವರಿನ ಅತ್ತಿಗೆಯಿಂದಲೇ ಶುರುಮಾಡುತ್ತೇನೆ. ಮಗನ ಶಾಲೆಯ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ "ಗೃಹಿಣಿ" ಎಂದು ಬರೆದಿದ್ದಾರೆ. ಬೆಳಿಗ್ಗೆ ಕೊಟ್ಟಿಗೆ, ಡೈರಿಗೆ ಹಾಲು, ಆಳುಗಳಿಗೆ ಆಸರಿ ಅಂದರೆ ಕುಡಿಯಲು ಕೊಡುವುದು, ಬೇಸಿಗೆಯಲ್ಲಿ ಬೆಟ್ಟದಿಂದ ದರಕು ಅಂದರೆ ಒಣ ಎಲೆ ತರುವುದು. ಅಡಿಕೆಯ ಕೊನೆಕೊಯ್ಲು ಶುರುವಾದರೆ ಕೇಳಲೇಬೇಡಿ. ಹಗಲು ಮರ ಹತ್ತಿ ಕೊನೆಗೌಡ ಇಳಿಸಿದ ಅಡಿಕೆ ಗೊನೆ ರಾತ್ರಿ ಹನ್ನೊಂದರವರೆಗೂ ಸುಲಿಯುವ ಮೆಟ್ಟುಗತ್ತಿಯ ಮುಂದೆ. ಸುಲಿದದ್ದು ಬೆಳಗಾಗುವುದರೊಳಗೆ ಬೇಯಬೇಕು. ಹಂಡೆಯ ಬೆಂಕಿಗೆ ಎದ್ದು ಎದ್ದು ಕಟ್ಟಿಗೆ ಒಟ್ಟಬೇಕು. ನಾನು ಚಿಕ್ಕವಳಿದ್ದಾಗ ಸುಲಿಯುವ ಹೆಂಗಸರ ಮಧ್ಯೆಯೇ ಕತೆ ಕೇಳುತ್ತಾ ನಿದ್ದೆ ಹೋಗುತ್ತಿದ್ದೆ. ಚಂದದ ನೆನಪು ಅದು, ಸುಳ್ಳಲ್ಲ. ಅದೇ ಚಪ್ಪರದಲ್ಲಿ ಕುದಿಯುವ ಹಂಡೆಯ ಹತ್ತಿರ ಓಡಿದ ತಮ್ಮನನ್ನು ಆಯಿ ಒಂದೇ ಕೈಯಲ್ಲಿ ಎಳೆದು ಹಿಡಿದದ್ದೂ ನೆನಪಿದೆ. ಆಯಿ ಮನೆಯಲ್ಲೇ ಇದ್ದಳು. ಕೈ ಖಾಲಿ ಇರಲಿಲ್ಲ.

ಇತ್ತ ನಮ್ಮೂರಿನ ಅಳಿವೆಯಲ್ಲಿ ಚಿಪ್ಪಿ ಹೆಕ್ಕುವ ಹೆಂಗಸರನ್ನು ನೋಡಿ. ಅವರ ಅರ್ಜಿಯಲ್ಲೂ "ಗೃಹಿಣಿ". ನೀರು ಇಳಿದಾಗ ಹೊಳೆಗೆ ಇಳಿಯಬೇಕು. ಇಳಿತ ಪ್ರತಿದಿನ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಈ ವಾರ ಬೆಳಿಗ್ಗೆ ಹತ್ತಕ್ಕೆ ಸೊಂಟದುದ್ದ ನೀರಲ್ಲಿದ್ದವರು ಮುಂದಿನ ವಾರ ಮಧ್ಯಾಹ್ನ ನಾಲ್ಕರ ಹೊತ್ತಿಗೆ ಅಲ್ಲಿರುತ್ತಾರೆ. ಯಾವ ಶಾಲೆಯ ಗಂಟೆಯೂ ಅವರ ಹೊಳೆಗೆ ಹೊಂದುವುದಿಲ್ಲ. ಮೇ ತಿಂಗಳಲ್ಲಿ ಅಂಕೋಲಾದ ಹೆದ್ದಾರಿ ಬದಿ ಕರಿ ಇಶಾಡ ಮಾವಿನಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂರುವವರ ಹಿಂದೆ, ಕೊಡೆಯ ನೆರಳಲ್ಲಿ ಮಲಗಿದ ಮಕ್ಕಳನ್ನು ನೀವೂ ನೋಡಿದ್ದೀರಿ.

ತುಳಸಿ ಗೌಡರ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಭಾಷಣ ಮಾಡುತ್ತೇವೆ. ಬರಿಗಾಲಲ್ಲಿ ಹೋಗಿ ಪದ್ಮಶ್ರೀ ತೆಗೆದುಕೊಂಡರು ಎನ್ನುತ್ತೇವೆ. ಅಂಕೋಲಾದ ಹೊನ್ನಳ್ಳಿಯ ಆ ಅಜ್ಜಿ ಗಿಡ ಮುಟ್ಟಿದ್ದು ಹೇಗೆ? ತಂದೆ ಬೇಗ ತೀರಿಕೊಂಡರು. ತಾಯಿ ನರ್ಸರಿಯಲ್ಲಿ ದಿನಗೂಲಿ. ಪುಟ್ಟ ಹುಡುಗಿ ಅಬ್ಬೆಯ ಹಿಂದೆ ಕೆಲಸಕ್ಕೆ ಹೋಯಿತು. ಅಂದರೆ ಅವರೂ ದುಡಿಯುವ ತಾಯಿಯ ಮಗಳೇ. ದಾರಿ ತಪ್ಪಲಿಲ್ಲ. ಇದನ್ನು ನಾನು ಬಣ್ಣ ಹಚ್ಚಿ ಹೇಳುತ್ತಿಲ್ಲ, ಯಾಕೆಂದರೆ ಅದೇ ಹುಡುಗಿಗೆ ಶಾಲೆ ಸಿಗಲಿಲ್ಲ. ತಾಯಿಯ ಜೊತೆ ಹೋದದ್ದು ಬೇರೆ ಜಾಗ ಇರಲಿಲ್ಲ ಎಂಬ ಕಾರಣಕ್ಕೂ ಇರಬಹುದು.

ಇನ್ನು ನಿಜವಾಗಿಯೂ ಮನೆಯಲ್ಲಿ ಇರುವವರು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬಳು ಎರಡನೇ ಮಗು ಆದ ಮೇಲೆ ಬಿಟ್ಟಳು. ಅವಳ ಇಷ್ಟ, ಒಳ್ಳೆಯದೇ. ಮನೆಯಲ್ಲಿರುವವರನ್ನು ಹಗುರವಾಗಿ ಮಾತಾಡುವುದು ನನಗೆ ಸೇರುವುದಿಲ್ಲ, "ನೀವು ಸುಮ್ನೆ ಕೂತಿರ್ತೀರಲ್ಲ" ಎನ್ನುವ ನೌಕರಿಯವರೂ ಇದ್ದಾರೆ. ಅವಳ ಮಾವನಿಗೆ ಪಾರ್ಶ್ವವಾಯು. ಹಾಸಿಗೆಯಲ್ಲೇ ಎಲ್ಲ. ಸಂಜೆ ಅವರನ್ನು ಒರೆಸಿ, ಬಟ್ಟೆ ಬದಲಿಸಿ, ಊಟ ಮಾಡಿಸುವ ಹೊತ್ತಿಗೇ ಶಾಲೆಯಿಂದ ಮಕ್ಕಳು ಬರುತ್ತಾರೆ. ಬಂದವರ ಕೈಗೆ ಮೊಬೈಲ್. "ಬೇರೆ ಎಂತ ಮಾಡಲಿ ಹೇಳು" ಎಂದಳು. ನಾನು ಏನೂ ಹೇಳಲಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಸಮಯ ಬಳಕೆಯ ಸಮೀಕ್ಷೆ ಮಾಡಿಸಿತ್ತು. ಮನೆಗೆಲಸ ಮಾಡುವ ಹೆಂಗಸರಿಗೆ ಆಗ ಅದರಲ್ಲಿ ಹೋಗುತ್ತಿದ್ದದ್ದು ದಿನಕ್ಕೆ ಸರಾಸರಿ 299 ನಿಮಿಷ, ಮಾಡುವ ಗಂಡಸರಿಗೆ 97. ಸಂಬಳ ಇದ್ದರೂ ಇಲ್ಲದಿದ್ದರೂ ಆ ಐದು ತಾಸು ಎಲ್ಲಿಗೂ ಹೋಗುವುದಿಲ್ಲ. ಹಾಗಾಗಿ ನಾನು ಕೇಳುವ ಕೋಣೆ ನೌಕರಿಯವರ ಮಕ್ಕಳಿಗೆ ಮಾತ್ರ ಎಂದು ತಿಳಿಯಬೇಡಿ. ಅವಳಿಗೂ ಬೇಕು.

ಅತಿಥಿಗಳು ಹೇಳಿದ್ದು ನಿಜವೇ ಆಗಿದ್ದರೆ ನನಗೂ ಗೊತ್ತಾಗಬೇಕಲ್ಲ. ಹಾಗಾಗಿ ಮಗಳು ಮಲಗಿದ ಮೇಲೆ ಕೆಲವು ರಾತ್ರಿ ಓದುತ್ತಾ ಕೂತೆ. ಈ ವಿಷಯವನ್ನು ಜಾಸ್ತಿ ಕೆದಕಿದವರು ಹೊರದೇಶದವರು. ಅಮೆರಿಕದ ಮೂವರು ಸಂಶೋಧಕಿಯರು ಐವತ್ತು ವರ್ಷಗಳಲ್ಲಿ ನಡೆದ 69 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿ 2010ರಲ್ಲಿ ಬರೆದರು. ಮಗು ಚಿಕ್ಕದಿದ್ದಾಗ ತಾಯಿ ಕೆಲಸಕ್ಕೆ ಹೋದಳು ಎಂಬುದಕ್ಕೂ, ಆ ಮಗು ಮುಂದೆ ಓದಿನಲ್ಲಿ, ನಡತೆಯಲ್ಲಿ ಹೇಗಾಯಿತು ಎಂಬುದಕ್ಕೂ ಒಟ್ಟಾರೆಯಾಗಿ ಸಂಬಂಧ ಕಾಣಲಿಲ್ಲ. ಬಡವರ ಮನೆಯಲ್ಲಿ, ಒಬ್ಬಳೇ ತಾಯಿ ಇರುವ ಮನೆಯಲ್ಲಿ ತಾಯಿಯ ದುಡಿಮೆಯಿಂದ ಮಕ್ಕಳಿಗೆ ಒಳ್ಳೆಯದೇ ಆಗಿತ್ತು. ಮೊದಲ ಒಂದು ವರ್ಷ ಪೂರ್ತಿ ದಿನದ ಕೆಲಸ ಮಾತ್ರ ಕೆಲವು ಮನೆಗಳಲ್ಲಿ ಅಷ್ಟು ಒಳ್ಳೆಯದಾಗಿರಲಿಲ್ಲ.

ಆ ಕೊನೆಯ ಮಾತು ನನಗೆ ನಾಟಿತು. ಸಂಬಳಸಹಿತ ಹೆರಿಗೆ ರಜೆ 2017ರಿಂದ 26 ವಾರ ಆಗಿದೆ, 50 ಜನ ಅಥವಾ ಅದಕ್ಕಿಂತ ಜಾಸ್ತಿ ಇರುವಲ್ಲಿ ಶಿಶುಪಾಲನಾ ಕೋಣೆ ಇರಬೇಕು ಎಂದು ಕಾನೂನು ಹೇಳುತ್ತದೆ. ಆದರೆ ಅಂಗಡಿ, ಕಚೇರಿಗಳಲ್ಲಿ ಹತ್ತು ಜನರಾದರೂ ಇದ್ದರೆ ಮಾತ್ರ ಆ ಕಾನೂನು. ನಾನು ಆಗ ಇದ್ದ ಕಡೆ ನಾವು ಏಳೇ ಜನ. ಮೂರು ತಿಂಗಳು ರಜೆ ಕೊಟ್ಟದ್ದೇ ಉಪಕಾರ ಎಂಬಂತೆ ಕೊಟ್ಟರು. ಎದೆಹಾಲು ಜಿನುಗಿ ಸೀರೆಯ ಮೇಲೆ ಕಲೆಯಾದಾಗ ಲೆಡ್ಜರ್ ಅಡ್ಡ ಹಿಡಿದುಕೊಂಡು ಕೌಂಟರಿನಲ್ಲಿ ಕೂತಿದ್ದೇನೆ. ಮನೆಯವರಿಗೆ ಸಿಕ್ಕಿದ್ದು ಮೂರು ದಿನ. ಕೆಲಸಕ್ಕೆ ಹೋದರೆ ಏನೂ ಕಳೆದುಕೊಳ್ಳುವುದಿಲ್ಲ ಎಂದು ನಾನು ಹೇಳುವವಳಲ್ಲ. ನನ್ನ ಮಗಳು ಮೊದಲ ಹೆಜ್ಜೆ ಇಟ್ಟದ್ದು ಅತ್ತೆಯ ಎದುರು. ಅವರು ಮೂರು ದಿನ ಆ ಸುದ್ದಿ ಮುಚ್ಚಿಟ್ಟು, ನನ್ನ ಎದುರು ಎರಡನೇ ಸಲ ನಡೆದಾಗ "ನೋಡು, ಈಗ ನಡೀತು" ಎಂದರು. ಅದು ನನಗೆ ಗೊತ್ತಾದದ್ದು ವರ್ಷವಾದ ಮೇಲೆ.

ಓದಿದ್ದರಲ್ಲಿ ಇನ್ನೆರಡು ವಿಷಯ ನನ್ನ ಪರವಾಗಿ ಇಲ್ಲ, ಅದಕ್ಕೇ ಹೇಳಬೇಕು. ನಾರ್ವೆಯಲ್ಲಿ 1998ರಲ್ಲಿ, ಚಿಕ್ಕ ಮಗುವನ್ನು ಸರ್ಕಾರದ ನೆರವಿನ ಡೇ ಕೇರಿಗೆ ಕಳಿಸದ ಮನೆಗೆ ಹಣ ಕೊಡುವ ಯೋಜನೆ ತಂದರು. ಕೆಲವು ತಾಯಂದಿರು ಮನೆಯಲ್ಲಿ ಉಳಿದರು. ಆಮೇಲೆ ನೋಡಿದರೆ ಆ ಮನೆಗಳ ದೊಡ್ಡ ಮಕ್ಕಳ ಹತ್ತನೇ ತರಗತಿಯ ಅಂಕ ಸ್ವಲ್ಪ ಏರಿತ್ತು. ತೊಟ್ಟಿಲ ಮಗುವಿಗಾಗಿ ತಾಯಿ ಮನೆಯಲ್ಲಿ ಉಳಿದದ್ದು, ಶಾಲೆಗೆ ಹೋಗುವ ಅಣ್ಣ-ಅಕ್ಕನಿಗೆ ಲಾಭವಾಯಿತು. ಯಾಕೆ? ಶಾಲೆ ಬಿಟ್ಟು ಬಂದಾಗ ಮನೆಯ ಬಾಗಿಲು ತೆರೆದಿತ್ತು, ಒಳಗೆ ದೊಡ್ಡವರು ಯಾರೋ ಇದ್ದರು. ನನಗೆ ಅರ್ಥವಾದದ್ದು ಹಾಗೆ. ನಮ್ಮ ನಾಲ್ಕೂ ಇಪ್ಪತ್ತೇ ಅಲ್ಲೂ.

ಕೆನಡಾದ ಕ್ಯೂಬೆಕ್ ಪ್ರಾಂತ್ಯದ್ದು ಬೇರೆ ಪಾಠ. 1997ರಲ್ಲಿ ಅಲ್ಲಿ ದಿನಕ್ಕೆ 5 ಡಾಲರಿಗೆ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರಗಳನ್ನು ಶುರುಮಾಡಿದರು. ತಾಯಂದಿರು ಕೆಲಸಕ್ಕೆ ಹೋದರು, ಸಂತೋಷ. ಆದರೆ ಮಕ್ಕಳಲ್ಲಿ ಸಿಡುಕು, ಆತಂಕ ಹೆಚ್ಚಾದದ್ದು ಅಧ್ಯಯನದಲ್ಲಿ ಕಂಡಿತು. ಕೋಣೆ ಒಂದು ಮಾಡಿ, ಮಕ್ಕಳನ್ನು ಒಳಗೆ ಕೂಡಿ, ಯಾರನ್ನೋ ಕಾವಲಿಗೆ ಕೂರಿಸಿದರೆ ಮುಗಿಯುವುದಿಲ್ಲ ಎಂದು ನಾನು ಅದರಿಂದ ಕಲಿತೆ. ಅಮೆರಿಕದಲ್ಲಿ 1991ರಿಂದ 1,300ಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದ ಹಿಂಬಾಲಿಸಿ ನೋಡಿದವರೂ ಇದನ್ನೇ ಕಂಡರು: ಮನೆಯವರು ಮಗುವಿನ ಜೊತೆ ಹೇಗಿರುತ್ತಾರೆ ಎಂಬುದರ ತೂಕವೇ ಜಾಸ್ತಿ, ನೋಡಿಕೊಳ್ಳುವವರು ಮಗುವಿನ ಜೊತೆ ಮಾತಾಡುವಂಥವರಾದರೆ ಮಗುವಿನ ಮಾತೂ ಬೆಳೆಯುತ್ತದೆ.

ನಮ್ಮಲ್ಲಿ ಏನಿದೆ? ಅಂಗನವಾಡಿ ಇದೆ. 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಮಾಡುತ್ತೇವೆ ಎಂದಿತು, ಉದ್ಯೋಗ ಖಾತ್ರಿಯ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ. ಆ ಹೆಸರು ಕೇಳಿದಾಗ ನಮ್ಮ ಅತ್ತೆ, "ಬರೀ ಕೂಸಿಗಾ? ಮಾಣಿ ಎಲ್ಲಿಗೆ ಹೋಗವು?" ಎಂದು ಕೇಳಿದ್ದರು. ನಮ್ಮ ಮಾತಿನಲ್ಲಿ ಕೂಸು ಎಂದರೆ ಹುಡುಗಿ, ಮಾಣಿ ಎಂದರೆ ಹುಡುಗ. ಯೋಜನೆಗೆ ಹೆಸರಿಡುವವರಿಗೆ ಶಿರಸಿ, ಕುಮಟಾ ನೆನಪಾಗಿರಲಿಕ್ಕಿಲ್ಲ, ಇರಲಿ. ಒಳ್ಳೆಯ ಯೋಜನೆ. ನನ್ನ ಮಾತು ಇಷ್ಟೇ: ಅದರ ಬಾಗಿಲು ತೆರೆಯುವ ಹೊತ್ತನ್ನು ಆ ಊರಿನ ಕೆಲಸ ನೋಡಿ ಇಡಿ. ಧಕ್ಕೆಯ ಊರಲ್ಲಿ ಬೆಳಿಗ್ಗೆ ಐದಕ್ಕೆ, ಅಡಿಕೆ ಊರಲ್ಲಿ ಸುಗ್ಗಿಯ ಮೂರು ತಿಂಗಳು ಸಂಜೆ, ಹೊಳೆಯ ಊರಲ್ಲಿ ಇಳಿತದ ಲೆಕ್ಕಕ್ಕೆ. ತಿಥಿ ನೋಡಿ ಇಳಿತದ ಹೊತ್ತು ಹೇಳುವ ಅಜ್ಜಂದಿರು ನಮ್ಮಲ್ಲಿ ಇನ್ನೂ ಇದ್ದಾರೆ, ಪಂಚಾಯ್ತಿಯ ಬೋರ್ಡಿನ ಮೇಲೆ ಬರೆಸಿದರೆ ಆಯಿತು.

ಆದರೆ ಆರು ವರ್ಷ ದಾಟಿದ ಮೇಲೆ ಅಂಗನವಾಡಿಯೂ ಇಲ್ಲ, ಕೂಸಿನ ಮನೆಯೂ ಇಲ್ಲ. ಆರರಿಂದ ಹನ್ನೆರಡರ ಮಕ್ಕಳು ದೊಡ್ಡವರಾದರು ಎಂದು ನಾವೇ ತೀರ್ಮಾನ ಮಾಡಿಬಿಟ್ಟಿದ್ದೇವೆ. ಹೊಳೆ, ಬಾವಿ, ಹೆದ್ದಾರಿ ಎಲ್ಲ ಇರುವ ಊರು ನಮ್ಮದು.

ಎರಡು ವರ್ಷದ ಹಿಂದೆ ಮಕ್ಕಳ ಗ್ರಾಮಸಭೆಯಲ್ಲಿ ನಾನೂ ಹಿಂದೆ ಕೂತಿದ್ದೆ. ಮಕ್ಕಳು ಆಟದ ಮೈದಾನ ಕೇಳಿದರು, ಶೌಚಾಲಯಕ್ಕೆ ನೀರು ಕೇಳಿದರು. ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಎದ್ದು, ಶಾಲೆ ಬಿಟ್ಟ ಮೇಲೆ ಅಮ್ಮ ಬರುವವರೆಗೆ ತಾನು ಬಸ್ ಸ್ಟ್ಯಾಂಡಿನಲ್ಲಿ ಕೂರುತ್ತೇನೆ, ಅಲ್ಲಿ ಕುಡಿದವರು ಮಲಗಿರುತ್ತಾರೆ, ಲೈಬ್ರರಿ ತೆರೆದಿಡಬಹುದಾ ಎಂದು ಕೇಳಿದ. ಎಲ್ಲರೂ ಒಂದು ಕ್ಷಣ ಸುಮ್ಮನಾದರು. ರಿಜಿಸ್ಟರಿನಲ್ಲಿ "ಪರಿಶೀಲಿಸಲಾಗುವುದು" ಎಂದು ಬರೆದುಕೊಂಡರು. ಹುಡುಗ ಈಗ ಆರನೇ ಕ್ಲಾಸು.

ಅವನು ಕೇಳಿದ್ದು ತೀರಾ ಸರಿಯಾಗಿತ್ತು. ಪಂಚಾಯ್ತಿಯ ಲೈಬ್ರರಿಯಾದ ಅರಿವು ಕೇಂದ್ರದಲ್ಲಿ ಪುಸ್ತಕ ಇದೆ, ಕುರ್ಚಿ ಇದೆ. ಅದು ದೂರ ಆಗುವ ಕಡೆ ಶಾಲೆಯ ಒಂದು ಕೋಣೆ ಸಾಕು. ನಾಲ್ಕೂ ಇಪ್ಪತ್ತರಿಂದ ಆರೂವರೆ. ಪಾಠ ಬೇಡ, ಟ್ಯೂಷನ್ ಬೇಡ, ಅದನ್ನು ಕೈಮುಗಿದು ಹೇಳುತ್ತೇನೆ. ಟ್ಯೂಷನ್ ಎಂದ ಕೂಡಲೇ ಫೀಸು ಬರುತ್ತದೆ, ಹೋಂವರ್ಕ್ ಬರುತ್ತದೆ, ಬಡವರ ಮಕ್ಕಳು ಬಿಟ್ಟುಹೋಗುತ್ತಾರೆ. ಬಾಯಾಡಲು ಅವಲಕ್ಕಿಯೋ ಚುರುಮುರಿಯೋ, ಅಂಗಳದಲ್ಲಿ ಕುಂಟಾಬಿಲ್ಲೆ, ಮಳೆಗೆ ಕೇರಂ ಬೋರ್ಡು, ಮಾತಾಡುವ ಒಬ್ಬ ದೊಡ್ಡವರು. ಆ ದೊಡ್ಡವರಿಗೆ ಸಂಬಳ ಇರಬೇಕು. ನಮ್ಮ ಅಡುಗೆಯವರು ಆ ರಾತ್ರಿ ಮಾಡಿದ್ದನ್ನು ಪುಣ್ಯದ ಲೆಕ್ಕಕ್ಕೆ ಹಾಕಿ ಸುಮ್ಮನಿರುವುದು ನ್ಯಾಯ ಅಲ್ಲ.

ನಾನು ಲೆಕ್ಕದವಳು, ಲೆಕ್ಕ ಹಾಕಿದ್ದೇನೆ. ದಿನಕ್ಕೆ 150 ರೂಪಾಯಿ, ತಿಂಗಳಿಗೆ 22 ದಿನ, 3,300. ಮನೆಗೆ 100ರಂತೆ 30 ಮನೆಯವರು ಕೊಟ್ಟರೆ 3,000. ಕೊಡಲಾಗದವರು ಒಂದು ಸೇರು ಅವಲಕ್ಕಿ ತರಲಿ. ಉಳಿದ 300 ಪಂಚಾಯ್ತಿ ಹಾಕಲಿ. 150 ಕಡಿಮೆಯೇ, ನನಗೂ ಗೊತ್ತು. ಜಾಸ್ತಿ ಮಾಡುವುದಾದರೆ ನಾನು ಬೇಡ ಎನ್ನುವುದಿಲ್ಲ. ಸ್ವಸಹಾಯ ಸಂಘದವರಲ್ಲಿ ಮೂವರು ಸರದಿಯಲ್ಲಿ ಕೂರಲು ಒಪ್ಪಿದ್ದಾರೆ. ಮಕ್ಕಳ ಜವಾಬ್ದಾರಿ ಎಂದ ಮೇಲೆ ಯಾರನ್ನೋ ಕೂರಿಸುವ ಹಾಗಿಲ್ಲ. ಎಸ್‌ಡಿಎಂಸಿಯವರು ನೋಡಿ, ಕೇಳಿ, ಠರಾವು ಮಾಡಿ ಕೂರಿಸಿ. ಮಗು ಯಾರ ಜೊತೆ ಹೊರಟಿತು ಎಂದು ಪುಸ್ತಕದಲ್ಲಿ ಬರೆಯಲಿ.

ಮಳೆ ರಜೆಯದು ಒಂದು ಮಾತು ಉಳಿದಿದೆ. ರಜೆ ಕೊಡುವುದು ಸರಿ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದ ಜಿಲ್ಲೆಯವರು ಯಾರೂ ರಜೆ ಯಾಕೆ ಎಂದು ಕೇಳುವುದಿಲ್ಲ. ಶಾಲೆಗೆ ರಜೆ, ನಮಗೆ ಡ್ಯೂಟಿ, ಅಷ್ಟೇ ತೊಡಕು. ಆ ದಿನ ಕೋಣೆ ತೆರೆಯಿರಿ ಎಂದು ನಾನು ಕೇಳುವುದಿಲ್ಲ, ಹಳ್ಳ ದಾಟಿ ಬರಬೇಕಾದ ಮಕ್ಕಳಿದ್ದಾರೆ. ಬದಲಿಗೆ ಕೇರಿಗೆ ಒಂದು ಮನೆ ಗುರುತು ಮಾಡೋಣ, ಗುಡ್ಡದ ಬುಡದಲ್ಲಿ ಇಲ್ಲದ, ನೀರು ನುಗ್ಗದ ಮನೆ. ರಜೆಯ ಮೆಸೇಜ್ ಬಂದ ಕೂಡಲೇ ಯಾರ ಮಕ್ಕಳು ಆ ಮನೆಗೆ ಹೋಗಬೇಕು ಎಂಬ ಪಟ್ಟಿ ಆಶಾ ಕಾರ್ಯಕರ್ತೆಯ ಹತ್ತಿರ ಇರಲಿ. ಯಾರ ಮನೆಯಲ್ಲಿ ಯಾರಿದ್ದಾರೆ, ಯಾರಿಲ್ಲ ಎಂದು ಅವರಿಗೆ ಬಾಯಿಪಾಠ. ನಮ್ಮ ಕೇರಿಗೆ ನಮ್ಮ ಮನೆ ಆಗಬಹುದು ಎಂದು ಅತ್ತೆ ಹೇಳಿದ್ದಾರೆ. ಮಂಡಿನೋವು ಇದ್ದರೂ ಕೂತಲ್ಲಿಂದಲೇ ಹತ್ತು ಮಕ್ಕಳನ್ನು ಗದರುವ ಶಕ್ತಿ ಇದೆಯಂತೆ.

ಅತಿಥಿಗಳಾಗಿ ಬಂದಿದ್ದ ಹಿರಿಯರಿಗೂ ಈ ಪತ್ರ ಮುಟ್ಟಬಹುದು. ತಮ್ಮ ಮೇಲೆ ನನಗೆ ಕೋಪವಿಲ್ಲ. ಮುಂದಿನ ಸಲ ಬಂದಾಗ ನಾಲ್ಕಕ್ಕೆ ಕಾರ್ಯಕ್ರಮ ಮುಗಿದ ಮೇಲೆ ಸ್ವಲ್ಪ ಹೊತ್ತು ಇರಿ. ಚಹಾ ಕುಡಿದು, ಆರೂ ನಲವತ್ತರವರೆಗೆ ಗೇಟಿನ ಹತ್ತಿರ ಕೂತು ಹೋಗುವ ಮಕ್ಕಳನ್ನು ನೋಡಿ.

ಸದಸ್ಯರೇ, ಬರುವ ತಿಂಗಳು ಮತ್ತೆ ಮಕ್ಕಳ ಗ್ರಾಮಸಭೆ. ಅದಕ್ಕಿಂತ ಮೊದಲು, ದೀಪಾವಳಿ ಮುಗಿದ ಸೋಮವಾರದಿಂದ ಶುರುಮಾಡಬಹುದು. ಎರಡು ಚಾಪೆ, ಕೇರಂ ಬೋರ್ಡು ನನ್ನ ಕಡೆಯಿಂದ. ಪಕ್ಕದ ಮನೆಯ ಅಕ್ಕ ಶುಕ್ರವಾರ ಶುಕ್ರವಾರ ಕೂರುತ್ತಾರಂತೆ, ಆ ದಿನ ಮೀನಿಗೆ ಗಿರಾಕಿ ಕಡಿಮೆ. ಅಡುಗೆಯವರನ್ನೂ ಕೇಳಿದ್ದೇನೆ. ಎಮ್ಮೆ ಕರೆದು ಬಂದರೆ ಐದಾಗುತ್ತದೆ, ಅದಕ್ಕೆ ಮೊದಲು ಯಾರಾದರೂ ಇರಬೇಕು ಎಂದರು. ಆ ನಲವತ್ತು ನಿಮಿಷಕ್ಕೆ ಜನ ಹುಡುಕುತ್ತಿದ್ದೇನೆ. ಪೂರ್ವದ ಕಡೆಯ ಕೋಣೆ ಸೋರುವುದಿಲ್ಲ, ಅದೇ ಆಗಬಹುದು. ಅದರ ಚಾವಿ ಹೆಡ್‌ಮಾಸ್ತರರ ಹತ್ತಿರ ಇಲ್ಲ, ಎಸ್‌ಡಿಎಂಸಿ ಅಧ್ಯಕ್ಷರ ಹತ್ತಿರ ಇದೆ ಎನ್ನುತ್ತಾರೆ. ಅಧ್ಯಕ್ಷರನ್ನು ಕೇಳಿದರೆ ಪಂಚಾಯ್ತಿಯಲ್ಲಿದೆ ಎಂದರು. ಯಾರ ಹತ್ತಿರ ಇದೆ ಎಂದು ದಯವಿಟ್ಟು ತಿಳಿಸಿ, ಭಾನುವಾರ ಬಂದು ಗುಡಿಸಿ ಇಡುತ್ತೇವೆ.

ಇಂತಿ,
ಮೂರನೇ ತರಗತಿಯ ಒಬ್ಬ ವಿದ್ಯಾರ್ಥಿನಿಯ ತಾಯಿ
ಕುಮಟಾ ತಾಲೂಕು